ವಿಜ್ಞಾನ ವಿಭಾಗದ ಇತಿಹಾಸದಲ್ಲಿ ಮಾಮಾ ಯಾವ ಪುಟ?

ನಮ್ಮ ಯೂನಿವರ್ಸಿಟಿಯ ವಿಜ್ಞಾನ ವಿಭಾಗದ ಇತಿಹಾಸ ಕಳೆದ ವಾರ ಅಚ್ಚಾಗಿ ಬಂತು. ಬರೆದವಳು ನಾನೇ. ನುಣುಪು ಕಾಗದ, ಬಣ್ಣದ ಫೋಟೋ, ನಲವತ್ತು ಪುಟ. ಆ ಪುಸ್ತಕ ಕೈಗೆತ್ತಿಕೊಂಡರೆ ನನಗೆ ನಾಚಿಕೆಯಾಗುತ್ತದೆ.

ಇನ್‌ಸ್ಪೆಕ್ಷನ್ ಕಮಿಟಿ ಬರುತ್ತದೆ ಎಂದಾಗಲೇ ನಮಗೆಲ್ಲ ಇತಿಹಾಸ ನೆನಪಾಗುವುದು. ಮೊದಲು ಕೆಮಿಸ್ಟ್ರಿ, ಆಮೇಲೆ ಫಿಸಿಕ್ಸ್, ಮಿಕ್ಕ ಜಾಗದಲ್ಲಿ ಬಾಟನಿ ಶುರುವಾದ ಕಥೆ ಬೇಕು. ಡೀನ್ ಕೆಳಗೆ ಯಾರು, ಅವರ ಕೆಳಗೆ ಯಾರು ಎಂದು ಚೌಕ ಹಾಕಿ ತೋರಿಸಬೇಕು. ಫಿಸಿಕ್ಸ್ ಪಾಠ ಮಾಡುವ ನನ್ನ ತಲೆಗೆ ಈ ಕೆಲಸ ಕಟ್ಟಿದರು. (ಕನ್ನಡದಲ್ಲಿ ಅಂಕಣ ಬರೆಯುತ್ತೇನಲ್ಲ, ಅದೇ ಅರ್ಹತೆ. ಇತಿಹಾಸ ಬರೆಯಬೇಕಿದ್ದದ್ದು ಇಂಗ್ಲಿಷಿನಲ್ಲಿ!)

ನಮ್ಮ ಲ್ಯಾಬ್ ಅಟೆಂಡರ್ ವಿಜಯಪುರದ ಕಡೆಯವರು. ಅಂಬರನಾಥದ ಒಂದು ಚಾಳಿನಲ್ಲಿ, ಸಾಲುಕೋಣೆಗಳ ವಠಾರದಲ್ಲಿ, ಮನೆ. ಕ್ಯಾಂಪಸ್ಸಿಗೆಲ್ಲ ಅವರು 'ಮಾಮಾ'. ಈ ಮರಾಠಿ ಸೀಮೆಯಲ್ಲಿ ಪ್ಯೂನ್, ಅಟೆಂಡರ್ ಎಲ್ಲರೂ ಮಾಮಾಗಳೇ. ಗೌರವ ಕೊಟ್ಟಂತೆಯೂ ಆಯಿತು, ಹೆಸರು ನೆನಪಿಡುವ ಕಷ್ಟವೂ ತಪ್ಪಿತು. ಮಳೆಗಾಲದಲ್ಲಿ ಲೆನ್ಸುಗಳಿಗೆ ಬೂಷ್ಟು ಹಿಡಿಯದಂತೆ ಕಪಾಟಿನೊಳಗೆ ಬಲ್ಬ್ ಉರಿಸಿಡುವವರು ಅವರು. ೨೦೦೫ರ ಜುಲೈ ಮಳೆಯಲ್ಲಿ, ಲೋಕಲ್ ರೈಲು ನಿಂತುಬಿಡುತ್ತದೆಂದು ನಾವೆಲ್ಲ ಮಧ್ಯಾಹ್ನವೇ ಡೊಂಬಿವಲಿಯ ನಮ್ಮ ಮನೆಗಳಿಗೆ ಓಡಿದೆವು. ಮಾಮಾ ಸೊಂಟದೆತ್ತರದ ನೀರಿನಲ್ಲಿ ಒಂದೊಂದೇ ಸ್ಪೆಕ್ಟ್ರೋಮೀಟರನ್ನು ತಲೆಯ ಮೇಲಿಟ್ಟು ಮೊದಲ ಮಹಡಿಗೆ ಸಾಗಿಸಿದರು.

ಅದನ್ನು ಬರೆದೆ. ಬರೆದಿದ್ದೇನೆ ಎಂದು ಅವರ ಮುಂದೆ ಬಾಯಿ ಬಿಟ್ಟೂಬಿಟ್ಟೆ.

ಡೀನ್ ಓದಿ ಹುಬ್ಬೇರಿಸಿದರು. "ಇತಿಹಾಸದಲ್ಲಿ ಮಾಮಾ ಅಂತ ಹಾಕೋಕಾಗುತ್ತಾ ಮೇಡಂ? ಫುಲ್ ನೇಮ್ ಹಾಕಿ. ಸಂಜೆ ಪ್ರೆಸ್ಸಿಗೆ ಹೋಗ್ಬೇಕು."

ಫುಲ್ ನೇಮ್? ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರ ಜೊತೆ ಕನ್ನಡದಲ್ಲಿ ಹರಟಿದವಳು ನಾನು. ಅವರ ಮೊಮ್ಮಗಳ ಹೆಸರು ಗೊತ್ತು, ಅವರಿಗೆ ಯಾವ ಮಂಡಿ ನೋಯುತ್ತದೆಂದು ಗೊತ್ತು. ಅವರ ಹೆಸರು ಗೊತ್ತಿಲ್ಲ. ಆಫೀಸು ಹತ್ತು ಹೆಜ್ಜೆ. ಹೋಗಿ ಕೇಳಿದರೆ ಕ್ಲರ್ಕ್ ನಗುತ್ತಾನೆ, "ನಿಮ್ಮ ಕನ್ನಡದವರೇ ಅಲ್ವಾ?" ಎನ್ನುತ್ತಾನೆ. ಮಾಮಾನನ್ನೇ ಕೇಳೋಣವೆಂದರೆ ಯಾವ ಮುಖ ಹೊತ್ತು ಕೇಳಲಿ? ಆ ಪ್ಯಾರಾ ಹೊಡೆದುಹಾಕಿದೆ. "ಸಿಬ್ಬಂದಿಯ ಸಹಕಾರದಿಂದ ಉಪಕರಣಗಳು ಉಳಿದವು" ಎಂದು ಬರೆದೆ.

ಪುಸ್ತಕ ಬಂದ ದಿನ ಮಾಮಾ ಲ್ಯಾಬಿಗೆ ಬಂದರು. ಈ ತಿಂಗಳು ಅವರು ರಿಟೈರ್ ಆಗುತ್ತಾರೆ. ಅಂಗಿಗೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು.

"ನಂದು ಯಾವ ಪುಟದಾಗ ಐತ್ರೀ ಮೇಡಂ? ಚಾಳಿನಾಗ ಎಲ್ಲಾರಿಗೂ ಹೇಳೀನ್ರಿ, ಪುಸ್ತಕದಾಗ ನನ್ನ ಹೆಸರು ಬರತೈತಿ ಅಂತ."

"ಜಾಗ ಸಾಲ್ಲಿಲ್ಲ ಮಾಮಾ. ಪ್ರೆಸ್ಸಿನವರು ತೆಗೆದುಬಿಟ್ರು."

(ಡೀನ್ ಫೋಟೋ ಆರು ಪುಟಗಳಲ್ಲಿದೆ.)

ಅವರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. "ಇರಲಿ ಬಿಡ್ರಿ. ನೀವರ ಬರದಿದ್ರಲ್ಲ, ಅಷ್ಟ ಸಾಕು. ಹೆಸರು ಸರಿಯಾಗಿ ಬರದಿದ್ರಿ, ಹೌದಲ್ರೀ?"

"ಹೂಂ," ಎಂದೆ.

ಆಫೀಸು ಈಗಲೂ ಹತ್ತೇ ಹೆಜ್ಜೆ. ಇದನ್ನು ಬರೆಯಲು ಕೂರುವ ಮುನ್ನ ಹೋಗಿ ಕೇಳಬಹುದಿತ್ತು, ಕೇಳಲಿಲ್ಲ.

ಈ ಬರಹದಲ್ಲೂ ಅವರ ಹೆಸರಿಲ್ಲ, ನೀವಾದರೂ ಗಮನಿಸಿದಿರಾ?