ಐದೂ ಮುಕ್ಕಾಲಿಗೆ ಆರುತ್ತಿದ್ದ ದೀಪ

ಆ ಭಾನುವಾರ ಮಧ್ಯಾಹ್ನ ಅಕ್ಕ ಮತ್ತು ನಾನು ಬಿಸಿಲಿನಲ್ಲಿ ಉರಿಯುವ ಬೀದಿದೀಪಗಳನ್ನು ಎಣಿಸಲು ಹೋಗಿದ್ದೆವು. ಎಣಿಸುವುದು ನನ್ನ ಕೆಲಸ. ಅಕ್ಕನಿಗೆ ಅಂದು ರಜೆ. ತಲೆಗೆ ಎರೆದುಕೊಂಡು, ಕೂದಲು ಒಣಗಿಸಿಕೊಳ್ಳುವ ನೆಪದಲ್ಲಿ ನನ್ನ ಹಿಂದೆ ಬಂದಿದ್ದಳು. ಬೆಂಗಳೂರಿನಾಚೆ ಮಾದನಾಯಕನಹಳ್ಳಿಯಿಂದ ಒಳಕ್ಕೆ, ಗೋದಾಮುಗಳ ಸಾಲು ಶುರುವಾಗುವ ರಸ್ತೆ. ನಡುನೆತ್ತಿಯ ಸೂರ್ಯನ ಕೆಳಗೆ ಕಂಬದ ಮೇಲೊಂದು ದೀಪ ಬೆಳ್ಳಗೆ ಉರಿಯುತ್ತಿತ್ತು.

“ಏ ಶಾಂತಿ, ಅಲ್ಲೊಂದು ಉರಿಯಾಕತ್ತೇತಿ ನೋಡು, ಬರಕೋ,” ಎಂದಳು ಅಕ್ಕ. “ಸೂರ್ಯಪ್ಪಗ ದಾರಿ ತಪ್ಪೀತು ಅಂತ ಹಚ್ಚಿಟ್ಟಾರೇನ?”

ನಾನು ಕಂಬದ ಸಂಖ್ಯೆ ಬರೆದುಕೊಂಡೆ. ಅಕ್ಕ ಇನ್ನೆರಡು ಹುಡುಕಿ ಕೊಟ್ಟಳು. ಆಮೇಲೆ ಕೂದಲು ಕೊಡವುತ್ತಾ ಹೇಳಿದಳು: “ಹಗಲು ಉರಿಯೋವು ಎಣಿಸ್ತಿ. ಕತ್ತಲದಾಗ ಆರಿದ್ದು ಯಾರು ಎಣಿಸ್ಬೇಕವಾ? ನಾ ಹೊರಡೋದಕ್ಕ ಸರಿಯಾಗಿ ನಿನ್ನ ಲೈಟು ಪಟ್ ಅಂತ ಆರತಾವ. ಮೊಬೈಲ್ ಬ್ಯಾಟರಿ ಹಚ್ಚಿಕೊಂಡು ಹೊಂಟೀನಿ ಹದಿನೈದು ದಿನದಿಂದ.”

“ಮುಂದಿನ ವಾರ ಟೈಮ್ ಬದಲ್ ಮಾಡಸ್ತೀನಿ ತಗೋ ಅಕ್ಕ. ರಿವ್ಯೂ ಒಂದು ಮುಗೀಲಿ.”

“ಅರ್ಜಿ ಕೊಡಬೇಕೇನ್ರಿ ಆಫೀಸರ್ ಬಾಯಾರ?”

“ಕೊಡು. ಮೂರು ಪ್ರತಿ.”

ಇಬ್ಬರೂ ನಕ್ಕೆವು. ರಸ್ತೆ ಬದಿಯಲ್ಲಿ ಒಂದು ಸೌತೆಕಾಯಿ ಕೊಯ್ಯಿಸಿಕೊಂಡು ಅರ್ಧರ್ಧ ತಿಂದೆವು. ಎಲ್ಲವೂ ಮೊದಲಿನಂತೆ ಇದ್ದ ಕೊನೆಯ ದಿನ ಅದು.

ನಮ್ಮ ಗದಗ ಜಿಲ್ಲೆಯ ಊರಿನ ಜನರಿಗೆ ಹಗಲು ಉರಿಯುವ ದೀಪದ ಮಾತು ಹೇಳಿದರೆ ನಂಬುವುದಿಲ್ಲ. ಅಲ್ಲಿ ನಮ್ಮ ಓಣಿಯ ದೀಪಗಳ ಸ್ವಿಚ್ಚು ನಮ್ಮ ಮನೆಯ ಮುಂದಿನ ಕಂಬದಲ್ಲೇ ಇತ್ತು. ಸಂಜೆ ದೇವರ ದೀಪ ಹಚ್ಚಿದ ಮೇಲೆ ಅವ್ವ ಹೊರಗೆ ಬಂದು ಓಣಿಯ ದೀಪ ಹಚ್ಚುತ್ತಿದ್ದಳು. ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕುವಾಗ, ಚುಕ್ಕೆಗಳು ದೀಪವಿಲ್ಲದೆಯೂ ಕಾಣುತ್ತವೆಯೇ ಎಂದು ಒಮ್ಮೆ ಬಗ್ಗಿ ನೋಡಿ, ಕಂಡರೆ ಆರಿಸುತ್ತಿದ್ದಳು. ಮೋಡ ಕವಿದಿದ್ದರೆ ತಡ, ಬೇಸಿಗೆಯಲ್ಲಿ ಬೇಗ. ಯಾರೂ ಅವಳಿಗೆ ಆ ಕೆಲಸ ವಹಿಸಿರಲಿಲ್ಲ. ಸ್ವಿಚ್ಚು ಯಾರ ಮನೆ ಮುಂದಿದೆಯೋ ಅವರು ಮಾಡಬೇಕು, ಅಷ್ಟೇ.

ಇಲ್ಲಿ ಆ ಕೆಲಸವನ್ನು ಡಬ್ಬಿಯೊಂದು ಮಾಡುತ್ತದೆ. ಬೀದಿಯ ಮೊದಲ ಕಂಬಕ್ಕೆ ಕಟ್ಟಿದ ಕಬ್ಬಿಣದ ಡಬ್ಬಿ, ಅದರೊಳಗೆ ಟೈಮರ್ ಎಂಬ ಗಡಿಯಾರ. ಹೇಳಿದ ಹೊತ್ತಿಗೆ ಹಚ್ಚುತ್ತದೆ, ಹೇಳಿದ ಹೊತ್ತಿಗೆ ಆರಿಸುತ್ತದೆ. ಆ ಹೊತ್ತು ಯಾವುದೆಂದು ಪಟ್ಟಿ ಮಾಡುವವಳು ನಾನು. ತುಮಕೂರು ರಸ್ತೆಯ ಆಚೀಚಿನ ಕೆಲವು ಸ್ಥಳೀಯ ಸಂಸ್ಥೆಗಳಿಗೆ ಸೇರಿದ ವಿದ್ಯುತ್ ಉಳಿತಾಯ ಯೋಜನೆಯಲ್ಲಿ ನಾನು ಗುತ್ತಿಗೆಯ ಸಂಯೋಜಕಿ. ಹಳೆಯ ಹಳದಿ ದೀಪ ತೆಗೆದು ಹೊಸದು ಹಾಕಿಸುವುದು, ಹೆಚ್ಚು ಕರೆಂಟು ತಿನ್ನುವ ಪಂಪು ಬದಲಿಸುವುದು, ಎಷ್ಟು ಕರೆಂಟು ಉಳಿಯಿತೆಂದು ತಿಂಗಳಿಗೊಮ್ಮೆ ರಿವ್ಯೂ ಸಭೆಯಲ್ಲಿ ಮೇಲಿನವರಿಗೆ ತೋರಿಸುವುದು.

ಈ ಕೆಲಸಕ್ಕೆ ನನ್ನನ್ನು ತಂದವಳು ಅಕ್ಕ. ಅವಳ ಹೆಸರು ರೇಣುಕಾ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಮೊದಲು ಕಟ್ಟಡದ ಕೆಲಸಕ್ಕೆಂದು ಈ ಕಡೆ ಬಂದವಳು. ಲಗ್ಗೆರೆಯಲ್ಲಿ ಆರು ಜನ ಹೆಣ್ಣುಮಕ್ಕಳ ಜೊತೆ ಒಂದೇ ಕೋಣೆಯಲ್ಲಿದ್ದು ನನ್ನನ್ನು ಡಿಪ್ಲೊಮಾ ಓದಿಸಿದಳು. ನಾನು ಬರುವ ಹೊತ್ತಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ರಬ್ಬರಿನ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ಹಿಡಿದಿದ್ದಳು. ಮೊದಲ ಪಾಳಿ. ಬೆಳಿಗ್ಗೆ ಆರಕ್ಕೆ ಕಾರ್ಖಾನೆಯ ಟೆಂಪೊ ದೊಡ್ಡ ರಸ್ತೆಗೆ ಬರುತ್ತಿತ್ತು. ಐದೂ ಮುಕ್ಕಾಲಿಗೆ ಅವಳು ಮನೆ ಬಿಡುತ್ತಿದ್ದಳು.

ನಮ್ಮಿಬ್ಬರ ಮನೆ ಎಂದರೆ ಮಾದನಾಯಕನಹಳ್ಳಿಯ ಬದಿಗೆ, ಹಿಂದೆ ರಾಗಿ ಹೊಲವಾಗಿದ್ದ ಜಾಗದಲ್ಲಿ ಸಾಲಾಗಿ ಕಟ್ಟಿದ, ಶೀಟು ಹೊದಿಸಿದ ಎಂಟು ಕೋಣೆಗಳಲ್ಲಿ ಕೊನೆಯದು. ಹೊಲದ ಒಡತಿ ಗಂಗಮ್ಮನವರೇ ಈಗ ಮನೆಯ ಒಡತಿ. ಬಂದ ಮೊದಲ ವಾರ, ಬೆಳಗಿನ ಐದಕ್ಕೆ ಅವರು ಬಾಗಿಲು ಬಡಿದಿದ್ದರು. “ಏನ್ರಮ್ಮಿ ಇಷ್ಟೊತ್ಗೆ ಬಟ್ಟೆ ಒಗೀತಿದ್ದೀರಾ ಒಳ್ಗೆ? ಗೋಡೆ ಎಲ್ಲಾ ಅದುರ್ತಾ ಅದೆ!” ಅಕ್ಕ ಕೈಯಲ್ಲಿದ್ದ ಜೋಳದ ಹಿಟ್ಟಿನ ಸಮೇತ ಹೊರಗೆ ಹೋಗಿ, “ಒಗ್ಯಾಕತ್ತಿಲ್ರಿ ಅಮ್ಮಾರ, ರೊಟ್ಟಿ ಬಡಿಯಾಕತ್ತೀನ್ರಿ,” ಎಂದಳು. ಗಂಗಮ್ಮ ಒಳಗೆ ಬಂದು ನೋಡಿ, ಒಂದು ರೊಟ್ಟಿ ಮುರಿದು ತಿಂದು, “ಇದ್ನ ಇಂಗೆ ಒಡ್ದು ಒಡ್ದು ಮಾಡ್ಬೇಕಾ? ನಮ್ ಮುದ್ದೆ ಸುಮ್ನೆ ತಿರುವಿದ್ರೆ ಆಯ್ತದೆ ಕಣಮ್ಮಿ,” ಎಂದಿದ್ದರು. ಊರಿನಲ್ಲಿ ರೊಟ್ಟಿ ಬಡಿಯುವ ಸದ್ದು ಓಣಿ ಎದ್ದಿದೆ ಎನ್ನುವುದರ ಗುರುತು. ಇಲ್ಲಿ ಅದು ನೆರೆಯವರ ನಿದ್ದೆಗೆ ತೊಂದರೆ. ಅಕ್ಕ ಅಂದಿನಿಂದ ರೊಟ್ಟಿ ಬಡಿಯುವ ಅಗಲ ತಟ್ಟೆ, ಪರಾತದ ಕೆಳಗೆ ಹಳೆಯ ಸೀರೆ ಮಡಚಿ ಹಾಕಿಕೊಳ್ಳುತ್ತಿದ್ದಳು.

ಟೈಮರಿನ ವಿಷಯಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಐದೂ ಮುಕ್ಕಾಲಿಗೆ ದೀಪ ಆರಿದರೆ ಯಾರಿಗೂ ತೊಂದರೆಯಿಲ್ಲ. ಆಗಲೇ ಬೆಳಕು ಹರಿದಿರುತ್ತದೆ. ದೀಪಾವಳಿ ಕಳೆದ ಮೇಲೆ ಬೆಳಗಾಗುವುದು ತಡವಾಗುತ್ತದೆ, ಆರಿಸುವ ಹೊತ್ತನ್ನೂ ಮುಂದೆ ಹಾಕಬೇಕು. ಯಾವ ಬೀದಿಗೆ ಯಾವ ಹೊತ್ತು ಎಂಬ ಚಳಿಗಾಲದ ಪಟ್ಟಿಯನ್ನು ನಾನು ಆ ವರ್ಷವೂ ತಯಾರಿಸಿದ್ದೆ. ಸಹಿಗೆ ಒಯ್ದಾಗ ನಮ್ಮ ಇಂಜಿನಿಯರ್ ಸಾಹೇಬರು ಪೆನ್ನು ತೆಗೆಯಲೇ ಇಲ್ಲ.

“ಈಗ್ಲೇ ಬೇಡಮ್ಮ. ಇದನ್ನ ಹಾಕಿದ್ರೆ ಈ ತಿಂಗಳ ಸೇವಿಂಗ್ಸ್ ಬಿದ್ದೋಗುತ್ತೆ. ರಿವ್ಯೂ ಮುಗೀಲಿ, ಆಮೇಲೆ ಚೇಂಜ್ ಮಾಡ್ಸೋಣ. ನಾಲ್ಕು ದಿನಕ್ಕೆ ಏನಾಗ್ಬಿಡುತ್ತೆ?”

ನಾನು ವಾದಿಸಲಿಲ್ಲ. ನನಗೂ ರಿವ್ಯೂನಲ್ಲಿ ನಮ್ಮ ಘಟಕದ ಹೆಸರು ಮೇಲೆ ಬರಬೇಕೆಂಬ ಆಸೆ ಇತ್ತು. ಪಟ್ಟಿಯನ್ನು ಡ್ರಾಯರಿನಲ್ಲಿ ಇಟ್ಟೆ. ನಾಲ್ಕು ದಿನ ಎಂದದ್ದು ಮೂರು ವಾರವಾಯಿತು.

ಸೋಮವಾರ ಬೆಳಿಗ್ಗೆ ಅಕ್ಕ ಬುತ್ತಿ ಕಟ್ಟಿಕೊಂಡು ಹೊರಟಳು. ನಮ್ಮ ಬೀದಿಯ ತಿರುವಿನಲ್ಲಿ ಚರಂಡಿಯ ಹೂಳೆತ್ತಲೆಂದು ಹಿಂದಿನ ಸಂಜೆ ಮೂರು ಚಪ್ಪಡಿ ಎತ್ತಿ ಹಾಗೆಯೇ ಬಿಟ್ಟಿದ್ದರು. ಮಂಜು ಇತ್ತು. ದೀಪ ಆರಿತ್ತು. ಟೆಂಪೊಗೆಂದು ಅವಳ ಹಿಂದೆ ಬಂದ ಹೆಂಗಸರು ಚರಂಡಿಯೊಳಗಿಂದ ಮೊಬೈಲಿನ ಬೆಳಕು ಬರುತ್ತಿರುವುದನ್ನು ಕಂಡು ನಿಂತರಂತೆ. ತಲೆಯ ಹಿಂಭಾಗ ಕಾಂಕ್ರೀಟಿನ ಅಂಚಿಗೆ ಬಡಿದಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಎಚ್ಚರವಾಗಲಿಲ್ಲ. ಮೂರನೆಯ ದಿನ ಅವಳನ್ನು ಊರಿಗೆ ಒಯ್ದೆವು.

ನಮ್ಮಲ್ಲಿ ಹೂಳುತ್ತಾರೆ. ಕುಣಿಯ ಬಳಿ ನಿಂತಿದ್ದಾಗ ಫೋನು ಬಂತು. ಇಂಜಿನಿಯರ್ ಸಾಹೇಬರು.

“ಬೇಜಾರ್ ಮಾಡ್ಕೋಬೇಡಮ್ಮ, ನಿನ್ನ ಪರಿಸ್ಥಿತಿ ಅರ್ಥ ಆಗುತ್ತೆ. ಮಧ್ಯಾಹ್ನ ರಿವ್ಯೂ. ಆ ಸೇವಿಂಗ್ಸ್ ಫೈಲ್ ಓಪನ್ ಆಗ್ತಿಲ್ಲ. ಪಾಸ್‌ವರ್ಡ್ ಏನು?”

“ರೇಣುಕಾ,” ಎಂದೆ.

“ಒಂದೊಂದೇ ಅಕ್ಷರ ಹೇಳಮ್ಮ, ಬರ್ಕೋತೀನಿ.”

ಹೇಳಿದೆ. ಇಂಗ್ಲಿಷಿನ ಒಂದೊಂದೇ ಅಕ್ಷರ. ಮಣ್ಣು ಹಾಕಲು ಕಾದಿದ್ದವರು ನನ್ನ ಮುಖ ನೋಡುತ್ತಿದ್ದರು. “ಓಪನ್ ಆಯ್ತು, ಥ್ಯಾಂಕ್ಸ್,” ಎಂದು ಅವರು ಫೋನಿಟ್ಟ ಮೇಲೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಮನೆಯಲ್ಲಿ ಅವ್ವ ಅಳಲಿಲ್ಲ. ಗೋಡೆಗೆ ಒರಗಿ ಕೂತು ಒಂದೇ ಪ್ರಶ್ನೆ ಕೇಳಿದಳು. “ಅಷ್ಟು ಕತ್ತಲದಾಗ ಲೈಟ್ ಆರಿಸಿದವರು ಯಾರು?”

“ಯಾರೂ ಅಲ್ಲಬೇ. ಗಡಿಯಾರ ಆರಿಸ್ತೈತಿ.”

“ಗಡಿಯಾರಕ್ಕ ಯಾರು ಹೇಳಿದ್ರು?”

ನಾನು ಎದ್ದು ನೀರು ತರುವ ನೆಪ ಮಾಡಿ ಹಿತ್ತಲಿಗೆ ಹೋದೆ.

ಮರಳಿ ಬಂದಾಗ ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಗಾಜಿನ ಫಲಕವೊಂದಿತ್ತು. ಉತ್ತಮ ಉಳಿತಾಯಕ್ಕಾಗಿ ನಮ್ಮ ಘಟಕಕ್ಕೆ ಕೊಟ್ಟದ್ದು. ಅದರ ಕೆಳಗೆ ಪೊಲೀಸ್ ಠಾಣೆಯ ಒಂದು ಪತ್ರವಿತ್ತು. ಅಪಘಾತದ ಸ್ಥಳದ ದೀಪ ಸುಸ್ಥಿತಿಯಲ್ಲಿತ್ತೇ ಎಂದು ಕೇಳಿದ್ದರು. ಅದಕ್ಕೆ ಉತ್ತರ ಬರೆಯುವ ಕೆಲಸವೂ ನನ್ನದೇ. ಟೈಮರ್ ನೋಡಿಕೊಳ್ಳುವ ಮುನಿರಾಜಣ್ಣನ ಜೊತೆ ಹೋಗಿ ಪರೀಕ್ಷಿಸಿದೆ. ಅಣ್ಣ ಡಬ್ಬಿ ತೆರೆದು, ದೀಪ ಹಚ್ಚಿ ಆರಿಸಿ ತೋರಿಸಿದರು. ದೀಪಕ್ಕೆ ಏನೂ ಆಗಿರಲಿಲ್ಲ.

“ಲಿಸ್ಟ್ ಕೊಟ್ಟಿದ್ರೆ ಒಂದಿನದ್ ಕೆಲ್ಸ ಆಗಿತ್ತಲ್ಲಮ್ಮ,” ಎಂದರು, ಡಬ್ಬಿಗೆ ಬೀಗ ಹಾಕುತ್ತಾ. ಅವರ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಸತ್ತವಳು ನನ್ನ ಅಕ್ಕ ಎಂದು ಅವರಿಗೆ ಗೊತ್ತಿತ್ತು. ಪಟ್ಟಿ ನನ್ನ ಡ್ರಾಯರಿನಲ್ಲಿತ್ತೆಂದು ಗೊತ್ತಿರಲಿಲ್ಲ.

ಪತ್ರಕ್ಕೆ “ಹೌದು, ದೀಪ ಸುಸ್ಥಿತಿಯಲ್ಲಿತ್ತು” ಎಂದು ಬರೆದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆ ಹೊತ್ತಿಗೆ ಉರಿಯುತ್ತಿತ್ತೇ ಎಂದು ಯಾರೂ ಕೇಳಿರಲಿಲ್ಲ.

ಕೋಣೆಯಲ್ಲಿ ಒಬ್ಬಳೇ. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟೆ. ಬೇಕರಿಯ ಬನ್ನು, ಹೋಟೆಲಿನ ಚಿತ್ರಾನ್ನ, ಅಷ್ಟೇ. ಒಂದು ವಾರ ಕಳೆದ ಮೇಲೆ ಗಂಗಮ್ಮ ಒಂದು ತಟ್ಟೆಯಲ್ಲಿ ಮುದ್ದೆ, ಬಸ್ಸಾರು ತಂದಿಟ್ಟರು. “ನಿಮ್ಮಕ್ಕ ರೊಟ್ಟಿ ಬಡೀದೆ ನಂಗೆ ಒತ್ತಾರೆ ಎಚ್ರನೇ ಆಗಾಕಿಲ್ಲ ಕಣಮ್ಮಿ,” ಎಂದರು. ಅಗಿಯದೆ ನುಂಗಬೇಕೆಂದು ಅವರೇ ಕಲಿಸಿದ್ದ ಮುದ್ದೆಯನ್ನು ನಾನು ಅಂದು ಅಗಿದು ಅಗಿದು ತಿಂದೆ. ನುಂಗಲು ಆಗಲಿಲ್ಲ.

ಅದೇ ವಾರ ಇಂಜಿನಿಯರ್ ಸಾಹೇಬರು, ನನ್ನನ್ನು ಸಮಾಧಾನಪಡಿಸಲೆಂದೇ ಇರಬೇಕು, ಹೇಳಿದರು: “ನೀನು ಮನಸ್ಸಿಗೆ ಹಚ್ಕೋಬೇಡ. ಆ ಬೀದಿಯಿಂದ ಒಂದು ಕಂಪ್ಲೇಂಟೂ ಬಂದಿರ್ಲಿಲ್ಲ. ಬೇಕಾದ್ರೆ ದೂರು ವಹಿ ನೋಡು. ಜನ ಹೇಳ್ಲಿಲ್ಲ ಅಂದ್ರೆ ನಮಗೆ ಹೆಂಗಮ್ಮ ಗೊತ್ತಾಗ್ಬೇಕು?”

ದೂರು ಬಂದಿತ್ತು. ಭಾನುವಾರ ಮಧ್ಯಾಹ್ನ, ತಲೆ ಒಣಗಿಸಿಕೊಳ್ಳುತ್ತಾ ಕೊಟ್ಟಿದ್ದಳು. ತಂಗಿಗೇ ಹೇಳಿದ್ದೇನೆ, ಇನ್ನು ಕಚೇರಿಗೇಕೆ ಹೋಗಬೇಕು ಎಂದು ಅಂದುಕೊಂಡಿರಬೇಕು. ಊರಲ್ಲಿ ಹಾಗೆಯೇ. ಓಣಿಯ ದೀಪದ ಮಾತನ್ನು ಜನ ಅವ್ವನಿಗೆ ಹೇಳುತ್ತಿದ್ದರು, ಹೇಳಿದರೆ ಕೆಲಸವಾಗುತ್ತಿತ್ತು. ಮನೆಯಲ್ಲಿ ಹೇಳಿದ್ದು ವಹಿಗೆ ಏರಬೇಕೆಂದು ನನಗೂ ಹೊಳೆದಿರಲಿಲ್ಲ.

ನಾನು ವಹಿ ತೆಗೆದೆ. ದೂರುದಾರರ ಹೆಸರು: ರೇಣುಕಾ. ದೂರು: ಕತ್ತಲಿರುವಾಗಲೇ ಬೀದಿದೀಪ ಆರುತ್ತದೆ.

“ಏನ್ ಮಾಡ್ತಿದ್ದೀಯಾ?” ಸಾಹೇಬರು ಎದ್ದು ಬಂದರು. “ಹಳೇ ಡೇಟ್ ಹಾಕಂಗಿಲ್ಲ.”

“ಇವತ್ತಿನ ದಿನಾನೇ ಹಾಕ್ತೀನಿ ಸಾರ್. ಹಿಂದೆ ಬಾಯಿಮಾತಲ್ಲಿ ಬಂದಿದ್ದು, ತಡವಾಗಿ ದಾಖಲಾಯ್ತು ಅಂತ ಬರೀತೀನಿ.”

“ತಡ ಮಾಡಿದ್ದು ಯಾರು ಅಂತ ಕೇಳ್ತಾರೆ. ನಿನ್ನ ಕುತ್ತಿಗೆಗೇ ಬರುತ್ತೆ ಕಣಮ್ಮ.”

“ಬರ್ಲಿ ಸಾರ್.”

ದೂರು ಸ್ವೀಕರಿಸಿದವರು ಎಂಬಲ್ಲಿ ನನ್ನ ಹೆಸರು ಬರೆದೆ. ಚಳಿಗಾಲದ ಪಟ್ಟಿ ಸಹಿಯಿಲ್ಲದೆ ಮೂರು ವಾರ ಡ್ರಾಯರಿನಲ್ಲಿತ್ತೆಂದೂ, ಇಟ್ಟವಳು ನಾನೆಂದೂ ಬೇರೆ ಹಾಳೆಯಲ್ಲಿ ಬರೆದು, ಮೇಲಿನ ಕಚೇರಿಗೆ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದೆ. ಕೆಲಸ ಹೋಗುತ್ತದೆಂದು ಬಟ್ಟೆಗಳನ್ನು ಚೀಲಕ್ಕೆ ತುಂಬಿಟ್ಟೆ.

ಏನೂ ಆಗಲಿಲ್ಲ. ಯಾರೂ ಕರೆಯಲಿಲ್ಲ, ಬೈಯಲಿಲ್ಲ. ಗುತ್ತಿಗೆ ಮುಗಿಯುವ ತಿಂಗಳು ಅದನ್ನು ಮುಂದುವರಿಸಿ, ಇನ್ನೂ ಎರಡು ಊರುಗಳ ದೀಪಗಳನ್ನು ನನಗೆ ವಹಿಸಿದರು. ಚೀಲದಿಂದ ಬಟ್ಟೆ ತೆಗೆದು ಮತ್ತೆ ಹಗ್ಗಕ್ಕೆ ಹಾಕಿದೆ. ಶಿಕ್ಷೆಯಾಗಿದ್ದರೆ ಅವ್ವನಿಗೆ ಹೇಳುವುದು ಸುಲಭವಾಗುತ್ತಿತ್ತು.

ಯುಗಾದಿಗೆ ಊರಿಗೆ ಹೋದಾಗ ನಮ್ಮ ಮನೆ ಮುಂದಿನ ಕಂಬದಲ್ಲಿ ಸ್ವಿಚ್ಚು ಇರಲಿಲ್ಲ. ಅದರ ಜಾಗದಲ್ಲಿ ನಾನು ಬಲ್ಲ ಅದೇ ಕಬ್ಬಿಣದ ಡಬ್ಬಿ. ಅವ್ವ ಬೆಳಿಗ್ಗೆ ರಂಗೋಲಿ ಬಟ್ಟಲು ಹಿಡಿದು ಕಂಬದ ಹತ್ತಿರ ಹೋಗಿ, ಡಬ್ಬಿಯ ಬೀಗ ಮುಟ್ಟಿ ನೋಡಿ ಬಂದಳು. “ಇದರ ಕೀಲಿ ನಿನ್ನ ಕಡೆ ಇರತೈತೇನು?” ಎಂದು ಕೇಳಿದಳು. ಇಲ್ಲ ಎಂದೆ. ಓಣಿಯವರು ನನ್ನನ್ನು ಬೆಂಗಳೂರಾಕಿ ಎಂದು ಕರೆದು ಕುರ್ಚಿ ಹಾಕುತ್ತಾರೆ. ಬೆಂಗಳೂರಿನಲ್ಲಿ ನಾನು ಬಾಯಿ ತೆರೆದರೆ “ಆ ಕಡೆಯವರಾ?” ಎನ್ನುತ್ತಾರೆ. ಎರಡು ಕಡೆಯೂ ದೀಪ ಹೊತ್ತಿಗೆ ಸರಿಯಾಗಿ ಹತ್ತುತ್ತದೆ. ಗಡಿಯಾರಕ್ಕೆ ಹೇಳಿದವರು ಯಾರೆಂದು ಅವ್ವನಿಗೆ ನಾನು ಇನ್ನೂ ಹೇಳಿಲ್ಲ.

ನಮ್ಮ ಬೀದಿಯ ದೀಪ ಈಗ ಚಳಿಗಾಲದಲ್ಲಿ ಆರೂವರೆಯ ತನಕ ಉರಿಯುತ್ತದೆ. ಆರರ ಟೆಂಪೊಗೆ ಹೋಗುವ ಹೆಂಗಸರು ಮಾತಾಡಿಕೊಳ್ಳುತ್ತಾ ಹೋಗುವುದು ನನ್ನ ಕೋಣೆಗೆ ಕೇಳುತ್ತದೆ. ಪ್ರತಿ ತಿಂಗಳು ಬಾಕಿ ದೂರುಗಳ ಪಟ್ಟಿ ತೆಗೆದಾಗ ಅಕ್ಕನದು ಎಲ್ಲಕ್ಕಿಂತ ಮೇಲೆ ಬರುತ್ತದೆ. “ಅದೊಂದು ಕ್ಲೋಸ್ ಮಾಡಮ್ಮ, ಪರ್ಸೆಂಟೇಜ್ ಕೆಡ್ತಿದೆ. ನಿಮ್ಮಕ್ಕನ ಜಾಗದಲ್ಲಿ ನೀನೇ ಒಂದು ಸೈನ್ ಹಾಕ್ಬಿಡು,” ಎನ್ನುತ್ತಾರೆ ಸಾಹೇಬರು. ನಾನು ಹಾಕುವುದಿಲ್ಲ. ಸರಿಪಡಿಸಿದ ದಿನ ಎಂಬಲ್ಲಿ ದಿನ ಬರೆದಾಗಿದೆ. ಸರಿಪಡಿಸಿದವರು ಎಂಬಲ್ಲಿ ಮುನಿರಾಜಣ್ಣನ ಹೆಸರಿದೆ. ದೂರುದಾರರ ಸಹಿ ಇಲ್ಲ.