ಹಸಿರು ಚುಕ್ಕೆಯ ಡಬ್ಬಿಯಲ್ಲಿ ತುಂಬಿದ್ದು

ಧರಣೇಂದ್ರನಷ್ಟು ಅವಸರದ ಮನುಷ್ಯನನ್ನು ಐನಾಪುರದಲ್ಲಿ ನಾನು ಇನ್ನೊಬ್ಬನನ್ನು ಕಂಡಿಲ್ಲ. ಕೆಲಸ ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಮೇಲೆ. ಐದಕ್ಕೆ ಡ್ಯೂಟಿ ಬಿಟ್ಟರೆ ಆರರೊಳಗೆ ಅವನ ಊಟ ಮುಗಿಯಬೇಕು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗಿಡುವಂತಿಲ್ಲ. ಚಳಿಗಾಲದಲ್ಲಿ ಸೂರ್ಯ ಬೇಗ ಇಳಿಯುತ್ತಾನೆ, ಅದೇ ಹೊತ್ತಿಗೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಇವನು ಗಾಡಿಯ ಮೇಲೆ ಆಕಾಶ ನೋಡುತ್ತ, ಹಾರ್ನ್ ಬಾರಿಸುತ್ತ ಬರುತ್ತಿದ್ದ.

ಅಂಥವನು ಮೈ ಕಟ್ಟುತ್ತೇನೆಂದು ನನ್ನ ಜಿಮ್ಮಿಗೆ ಬಂದ. ಜಿಮ್ ಅಂದರೆ ಏನು, ಒಂದು ಹಳೆಯ ಗೋದಾಮು, ನಾಲ್ಕು ಬೆಂಚು, ತುಕ್ಕು ಹಿಡಿದ ಪ್ಲೇಟುಗಳು. ಆದರೂ ಹುಡುಗರು ನನ್ನನ್ನು ಅಮೋಲ ಸರ್ ಅನ್ನುತ್ತಿದ್ದರು, ಆ ಸೊಕ್ಕು ನನಗಿತ್ತು.

"ದಿನಕ್ಕ ಹತ್ತ ತತ್ತಿ ತಿನ್ನಬೇಕಾಗತೈತಿ" ಅಂದೆ.

"ತತ್ತಿ ಒಲ್ಲೆ. ಬ್ಯಾರೇ ಏನರ ಹೇಳು."

"ಹಂಗಾರ ಭಜನೀಗೆ ಹೋಗು ಲೇ, ಇಲ್ಲಿಗ್ಯಾಕ ಬಂದಿ?"

ಅವನು ನಕ್ಕ. ಹೋಗಲಿಲ್ಲ. ಎರಡು ವರ್ಷ ಬಿಡದೆ ಬಂದ.

೨೦೧೪ರ ದೀಪಾವಳಿಯ ಹೊತ್ತಿಗೆ ಅವನ ಭುಜ ನೋಡಿ ನನಗೇ ಆಸೆ ಹುಟ್ಟಿತು. ಸಂಕ್ರಾಂತಿಗೆ ನಿಪಾಣಿಯಲ್ಲಿ ದೇಹದಾರ್ಢ್ಯ ಸ್ಪರ್ಧೆ ಇತ್ತು. ಅರವತ್ತೈದು ಕಿಲೋ ವರ್ಗ, ಒಂದು ಗ್ರಾಂ ಮೇಲಾದರೂ ಹೊರಗೆ. ಅಲ್ಲೇ ಗಂಟು ಬಿತ್ತು. ಬೇಳೆ, ಹೆಸರು, ಕಡಲೆಯಿಂದಲೇ ಪ್ರೋಟೀನ್ ತುಂಬಿಸಹೋದರೆ ಜೊತೆಗೆ ಕ್ಯಾಲರಿಯೂ ಏರಿ ಹೊಟ್ಟೆ ಮುಂದೆ ಬರುತ್ತಿತ್ತು. ಊಟ ಕಡಿಮೆ ಮಾಡಿದರೆ ಮಾಂಸಖಂಡವೇ ಕರಗುತ್ತಿತ್ತು. ಮೇಲಾಗಿ ಅವನ ಅವ್ವ ಸುಂದ್ರವ್ವ, ಮಗ ಒಣಗಿದನೆಂದು ರೊಟ್ಟಿಯ ಮಡಿಕೆಯೊಳಗೆ ತುಪ್ಪ ಅಡಗಿಸಿಡುತ್ತಿದ್ದಳು. ಒಂದು ಕಿಲೋ ಇಳಿಸಿದರೆ ಒಂದೂವರೆ ಕಿಲೋ ಏರುತ್ತಿತ್ತು. ಥೂ, ತಲೆ ಕೆಟ್ಟುಹೋಗಿತ್ತು ನನಗೆ!

ಹಾಲಿನಿಂದ ತೆಗೆದ ಪ್ರೋಟೀನ್ ಪುಡಿಯೊಂದೇ ದಾರಿಯಾಗಿತ್ತು. ಮಿರಜದಿಂದ ಒಂದು ಡಬ್ಬಿ ತಂದೆ. ಅವನು ಅದನ್ನು ತಿರುಗಿಸಿ ತಿರುಗಿಸಿ, ಸಸ್ಯಾಹಾರದ ಹಸಿರು ಚುಕ್ಕೆ ಕಂಡ ಮೇಲೆಯೇ ಕುಡಿದ. ಹದಿನೈದು ದಿನಕ್ಕೆ ಡಬ್ಬಿ ಖಾಲಿ. ಮತ್ತೆ ಹೋದರೆ ಅಂಗಡಿಯವನಲ್ಲಿ ಆ ಮಾಲು ಇರಲಿಲ್ಲ, ಮೊಟ್ಟೆಯ ಬಿಳಿಭಾಗದ ಪುಡಿ ಇತ್ತು. ಅದಕ್ಕೂ ಚಾಕಲೇಟಿನದೇ ವಾಸನೆ.

ಅದನ್ನೇ ತಂದೆ. ಹಳೆಯ ಡಬ್ಬಿಯಲ್ಲಿ ಸುರಿದೆ. ಮುಚ್ಚಳ ಹಾಕಿದೆ.

ಒಂದು ವಾರದ ಮಟ್ಟಿಗೆ ಅಂದುಕೊಂಡಿದ್ದೆ. ಆದರೆ ಮೈ ಬಿರುಸಾಯಿತು, ಹೊಟ್ಟೆಯ ಮೇಲೆ ಗೆರೆ ಮೂಡಿತು, ತೂಕ ಅರವತ್ತೈದರೊಳಗೇ ನಿಂತಿತು. ನಾನು ನಿಲ್ಲಿಸಲಿಲ್ಲ. ನನ್ನ ಜಿಮ್ಮಿಗೊಂದು ಬಹುಮಾನ ಬೇಕಿತ್ತು, ಅಷ್ಟೇ.

ನಿಪಾಣಿಯಲ್ಲಿ ಅವನಿಗೆ ಎರಡನೇ ಬಹುಮಾನ ಬಂತು. ಮೈಕು ಕೈಗೆ ಕೊಟ್ಟರು. ಎಂದೂ ನಾಲ್ಕು ಜನರ ಮುಂದೆ ಮಾತಾಡದವನು ಎದೆ ತಟ್ಟಿ ಹೇಳಿದ: "ತತ್ತಿ ಮುಟ್ಟದ ಮೈ ರೀ ಇದು! ಬ್ಯಾಳಿ, ಹಾಲು, ನಮ್ಮವ್ವನ ಕೈಯಾನ ರೊಟ್ಟಿ!" ಜನ ಸೀಟಿ ಹೊಡೆದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ಚಹಾ ಕುಡಿದೆ. ರುಚಿ ಹತ್ತಲಿಲ್ಲ.

ಫೆಬ್ರುವರಿಯಲ್ಲಿ ಸುಂದ್ರವ್ವ ಜ್ವರ ಬಂದು ಮಲಗಿದಳು. ಜ್ವರ ಬಿಟ್ಟ ಮೇಲೂ ಏಳಲಾಗದು, ಕಾಲುಗಳು ಕಡ್ಡಿಯಾಗಿದ್ದವು. ಒಂದು ದಿನ ಧರಣೇಂದ್ರ ಡ್ಯೂಟಿಯಿಂದ ನೇರ ಜಿಮ್ಮಿಗೆ ನುಗ್ಗಿದ.

"ಅವ್ವನ ಮಾಂಸ ಕರಗೇತಂತ, ಪ್ರೋಟೀನ್ ಕೊಡಂದಾರ ಡಾಕ್ಟ್ರು. ಸಕ್ರಿ ಬ್ಯಾನಿ ಐತಿ, ಬ್ಯಾರೇದ್ದೆಲ್ಲಾ ಕಡಿಮಿ ಮಾಡಂದಾರ. ನನಗ ಕೊಡತಿದ್ದಿಯಲ್ಲ, ಆ ಪೌಡರ್ ಬೇಕು."

"ಹೊಸಾದ ತರಸತೀನಿ ತಡಿ."

"ಹೊಸಾದ್ಯಾಕ? ಇದ ಅರ್ಧಾ ಐತಲ್ಲ. ಹೊತ್ತ ಮುಳಗಾಕತ್ತೈತಿ, ಇವತ್ತಿಂದನ ಚಾಲೂ ಮಾಡತೀನಿ."

ಡಬ್ಬಿ ಆಗಲೇ ಅವನ ಕೈಯಲ್ಲಿತ್ತು. ಪುಡಿ ಕೆಟ್ಟುಹೋಗಿದೆ ಅಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಚುಕ್ಕೆಯನ್ನು ಕೂಡ ನೋಡದೆ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡಿದ್ದ. ಅಷ್ಟು ನಂಬಿದ್ದ ನನ್ನನ್ನು. ನಾನು ರಟ್ಟೆ ಹಿಡಿದೆ.

"ಧರಣ್ಯಾ, ಅದರಾಗ ತತ್ತಿ ಐತಿ."

"ಯಾವಾಗಿಂದ?"

"ದೀಪಾವಳಿ ಆಗಿ ಹದಿನೈದ ದಿನಕ್ಕ."

"ನಿಪಾಣಿಗೆ ಹೋದ ದಿನಾನೂ?"

"ಅವತ್ತೂ. ಹೊಡಿ ಲೇ ನನಗ, ನಾಕ ಬಾರಸು."

ಹೊಡೆಯಲಿಲ್ಲ. ಡಬ್ಬಿ ಕೆಳಗಿಟ್ಟು ಹೊರಗಿನ ನಳದ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದ. ಮತ್ತೆ ಮುಕ್ಕಳಿಸಿದ. ಎಂದೋ ಕುಡಿದದ್ದಕ್ಕೆ ಇಂದು ನಿಂತು ಎಷ್ಟೋ ಹೊತ್ತು ಮುಕ್ಕಳಿಸುತ್ತಲೇ ಇದ್ದ. ಆಮೇಲೆ ಗಾಡಿ ಹತ್ತಿ ಹೋದ.

ಮರುದಿನ ಬರಲಿಲ್ಲ. ಅವನು ಬರೀ ನೀರಿನ ಮೇಲೆ ಉಪವಾಸ ಹಿಡಿದಿದ್ದಾನೆಂದು ಓಣಿಯವರು ಹೇಳಿದರು. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹುಡುಗರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಒಂಬತ್ತನೇ ದಿನ ತಡೆಯದೆ, ಸುಂದ್ರವ್ವನಿಗೆಂದು ಎರಡು ಕಿಲೋ ಹುರಿಗಡಲೆ ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. ಬೈದರೆ ಬೈಯಲಿ, ಹೊರಗೆ ಹಾಕಿದರೆ ಹಾಕಲಿ.

"ಬಾರಪಾ ಅಮೋಲ!" ಸುಂದ್ರವ್ವ ಗೋಡೆ ಹಿಡಿದು ಎದ್ದಳು. "ನೋಡ ನಿನ್ನ ಗೆಳ್ಯಾನ. ಎಂಟ ದಿನಾ ಉಪಾಸ ಮಾಡಿ ಇವತ್ತ ಬಿಟ್ಟಾನ. ಯಾಕೋ ಅಂದ್ರ, ಬಹುಮಾನದ ಹರಕಿ ಅಂದಾ."

ಧರಣೇಂದ್ರ ಒಲೆಯ ಹತ್ತಿರ ಕೂತಿದ್ದ. ನಾನು ಎರಡು ವರ್ಷ ಕಟ್ಟಿಸಿದ ಭುಜ ಜೋತುಬಿದ್ದಿತ್ತು. ಬದುಕಿನಲ್ಲಿ ಸುಳ್ಳು ಆಡದವನು, ನನ್ನ ಸಲುವಾಗಿ ಹೆತ್ತವ್ವನಿಗೆ ಸುಳ್ಳು ಹೇಳಿದ್ದ.

"ನಿನ್ನಂಥಾ ಮಂದಿ ಸಿಗೂದಿಲ್ಲೋ ಯಪ್ಪಾ" ಸುಂದ್ರವ್ವ ನನ್ನ ಗಲ್ಲ ಸವರಿದಳು. "ನನ್ನ ಮಗನ ಧರ್ಮಾ ಕೆಡಸದ ಮೈ ಕಟ್ಟಿಸಿದಿ. ಕುಂದರು, ಹೊತ್ತ ಮುಳಗೂದ್ರಾಗ ಉಂಡ ಹೋಗು."

ಧರಣೇಂದ್ರನೇ ತಾಟು ಇಟ್ಟ. ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದ. ನಾನು ರೊಟ್ಟಿ ಮುರಿದು ತಾಟಿನಲ್ಲೇ ಇಟ್ಟೆ. ಎದ್ದುಬಿಡಲೇ ಅಂದುಕೊಳ್ಳುವಷ್ಟರಲ್ಲಿ ಅವನು ಬಗ್ಗಿ, ಅವ್ವನಿಗೆ ಕೇಳದಂತೆ ಅಂದ: "ಉಣ್ಣು. ಇನ್ನ ವಾರಾ ವಾರಾ ಬರಬೇಕ ನೀ. ಬರಲಿಲ್ಲಂದ್ರ ಅವ್ವ ಯಾಕಂತ ಕೇಳತಾಳ."

ಅವನು ಮತ್ತೆ ಜಿಮ್ಮಿಗೆ ಕಾಲಿಡಲಿಲ್ಲ. ಆದರೆ ನಾಲ್ಕು ವರ್ಷದಿಂದ ಪ್ರತಿ ಸೋಮವಾರ ಐದೂವರೆಗೆ ನಾನು ಆ ಮನೆಗೆ ಹೋಗುತ್ತೇನೆ. ಸುಂದ್ರವ್ವ ನನ್ನನ್ನು ಹೊಗಳುತ್ತಾಳೆ, ಅವನು ಬಡಿಸುತ್ತಾನೆ, ನಾನು ಉಣ್ಣುತ್ತೇನೆ.