‘ಆಯ್ತು’ ಎಂದು ಬರೆದಿದ್ದ ಫೋಲ್ಡರ್‌ಗಳು

ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಏನನ್ನಾದರೂ ಅಳಿಸುವ ಆಜ್ಞೆ ಬರೆದರೆ, ಎಂಟರ್ ಒತ್ತುವ ಮುನ್ನ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ. ಬರೆದದ್ದನ್ನು ಮತ್ತೆ ಓದುತ್ತೇನೆ. ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗವಿದ್ದರೆ, ಹೆಸರಿನ ಎರಡೂ ತುದಿಗೆ ಉದ್ಧರಣ ಚಿಹ್ನೆ ಇದೆಯೇ ಎಂದು ನೋಡುತ್ತೇನೆ. ಇದೆ ಎಂದು ಗೊತ್ತಾದ ಮೇಲೂ ಇನ್ನೊಮ್ಮೆ ನೋಡುತ್ತೇನೆ. ಕಚೇರಿಯಲ್ಲಿ ಪಕ್ಕದ ಕುರ್ಚಿಯವರು ನಗುತ್ತಾರೆ. ನಗಲಿ. ಅವರನ್ನು ಕೂರಿಸಿಕೊಂಡು ಹೇಳುವಷ್ಟು ಉತ್ಸಾಹ ನನ್ನಲ್ಲಿ ಉಳಿದಿಲ್ಲ.

ಬಿ.ಎಸ್ಸಿ. ಮುಗಿಸಿ, ಒಂದು ಕಂಪ್ಯೂಟರ್ ಕೋರ್ಸನ್ನೂ ಮಾಡಿ, ನಾನು ತುರುವೇಕೆರೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದೆ. ರೀಲು ಹೋಗಿ ಡಿಜಿಟಲ್ ಕ್ಯಾಮೆರಾ ಬಂದ ಕಾಲ ಅದು. ಮದುವೆ ಆಲ್ಬಮ್ಮಿನ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ನನ್ನ ಕೆಲಸ. ಸ್ಟುಡಿಯೋ ಮಾಲೀಕರು ಹಳೆಯ ಕಾಲದವರು; ನೆಗೆಟಿವ್‌ಗೆ ಪೆನ್ಸಿಲ್ ಹಿಡಿದು ಮುಖದ ಕಲೆ ತೆಗೆಯುತ್ತಿದ್ದ ಕೈ. ಕಂಪ್ಯೂಟರನ್ನು ಅವರು ತಮ್ಮ ರೀತಿಯಲ್ಲೇ ಕಲಿತಿದ್ದರು.

ಗಿರಾಕಿಗಳನ್ನು ಅವರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದದ್ದು. “ಮಾಯಸಂದ್ರದ್ದು ಎಲ್ಲೀಗಂಟ ಬಂತು? ಬಾಣಸಂದ್ರ ಕೇಳ್ಕಂಡ್ ಬಂದಿದ್ರಾ?” ಫೋಲ್ಡರ್‌ಗೂ ಅದೇ ಹೆಸರು. ದಂಡಿನಶಿವರದಿಂದ ಬಂದ ಕೆಲಸವೆಲ್ಲ, ಮದುವೆಯಾಗಲಿ ನಾಮಕರಣವಾಗಲಿ, ‘ದಂಡಿನಶಿವರ’ ಎಂಬ ಫೋಲ್ಡರಿನಲ್ಲಿ. ಕೆಲಸ ಮುಗಿದು ಫೋಟೋ ಕೊಟ್ಟಾದ ಮೇಲೆ ಅವರೇ ಕುಳಿತು, ಹೆಸರಿನ ಮುಂದೆ ಸ್ವಲ್ಪ ಜಾಗ ಬಿಟ್ಟು, ‘ಆಯ್ತು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸುತ್ತಿದ್ದರು. ಅದೇ ಊರಿನಿಂದ ಮತ್ತೆ ಕೆಲಸ ಬಂದರೆ ಬರೀ ಊರಿನ ಹೆಸರಿನ ಹೊಸ ಫೋಲ್ಡರ್. ಹಾಗಾಗಿ ‘ದಂಡಿನಶಿವರ ಆಯ್ತು’ ಎನ್ನುವುದೂ ‘ದಂಡಿನಶಿವರ’ ಎನ್ನುವುದೂ ಅಕ್ಕಪಕ್ಕದಲ್ಲೇ ಇರುತ್ತಿದ್ದವು. ಒಂದು ಮುಗಿದದ್ದು, ಇನ್ನೊಂದು ನಡೆಯುತ್ತಿರುವುದು.

“ಜಾಗ ಬಿಡಬೇಡಿ, ಸೇರಿಸಿ ಬರೀರಿ, ಇಲ್ಲ ಮಧ್ಯೆ ಒಂದು ಗೆರೆ ಹಾಕಿ” ಎಂದು ನಾನು ಹೇಳಿದ್ದುಂಟು.

“ಅಂಟಿಸಿ ಬರೆದ್ರೆ ನನ್ ಕಣ್ಗೆ ಓದಕ್ಕಾಗಲ್ಲ ಕಣವ್ವ. ಊರೇ ಬೇರೆ, ಆಯ್ತು ಅನ್ನೋದೇ ಬೇರೆ.”

ಆ ಬೇಸಿಗೆಯಲ್ಲಿ ಮದುವೆಗಳು ಒಂದರ ಮೇಲೊಂದು ಬಂದು ಡಿಸ್ಕ್ ತುಂಬಿಹೋಯಿತು. ‘ಆಯ್ತು’ಗಳನ್ನು ಅಳಿಸಬೇಕಿತ್ತು. ಮಾಲೀಕರ ಅಕ್ಕನ ಮಗ ಡಿಪ್ಲೊಮಾ ಮುಗಿಸಿ, ಕೆಲಸ ಹುಡುಕುತ್ತ, ಸ್ಟುಡಿಯೋಗೆ ಬಂದು ಹೋಗುತ್ತಿದ್ದ. ಒಂದೊಂದನ್ನೇ ಮೌಸಿನಲ್ಲಿ ಹಿಡಿದು ಅಳಿಸುವುದು ಅವನಿಗೆ ಅವಮಾನದಂತೆ ಕಂಡಿರಬೇಕು. ಕೊನೆಯಲ್ಲಿ ‘ಆಯ್ತು’ ಇರುವ ಫೋಲ್ಡರ್‌ಗಳನ್ನು ತಾನೇ ಹುಡುಕಿ, ಕೇಳದೆ ಅಳಿಸುವ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡು ಬಂದ.

“ಟೆಸ್ಟ್ ಮಾಡಿದ್ಯಾ?” ಎಂದೆ.

“ಮನೇಲಿ ಮಾಡ್ದೆ ಅಕ್ಕ. ಎಬಿಸಿ‌ಆಯ್ತು ಅಂತ ಒಂದು ಫೋಲ್ಡರ್ ಮಾಡಿ ಓಡಿಸ್ದೆ, ಕಣ್ ಮಿಟುಕಿಸೋದ್ರಲ್ಲಿ ಮಾಯ.”

ಅವನ ಎಬಿಸಿ‌ಆಯ್ತುವಿನಲ್ಲಿ ಖಾಲಿ ಜಾಗ ಇರಲಿಲ್ಲ. ಅದು ನನಗೆ ಹೊಳೆದದ್ದು ಆಮೇಲೆ.

ಅವತ್ತು ದಂಡಿನಶಿವರದ ಫೋಲ್ಡರಿನಲ್ಲಿ ಒಂದು ಮದುವೆಯ ಜೊತೆಗೆ ಸತ್ತ ಹಸುವಿನ ಫೋಟೋಗಳಿದ್ದವು. ಆ ಕಡೆಯ ಒಂದು ಹಟ್ಟಿಯ ಹೆಂಗಸಿನ ಹಸು. ಗಂಡ ಇಲ್ಲ, ಆ ಒಂದು ಸೀಮೆಹಸುವಿನ ಹಾಲನ್ನು ಡೈರಿಗೆ ಹಾಕಿಯೇ ಮನೆ ನಡೆಯುತ್ತಿತ್ತು. ಹೊಟ್ಟೆ ಉಬ್ಬರಿಸಿ ಹಸು ಬೆಳಗಾಗುವಷ್ಟರಲ್ಲಿ ಸತ್ತಿತ್ತು. ವಿಮೆ ಮಾಡಿಸಿದ್ದಳು. ವಿಮೆಯವರಿಗೆ, ತಾವು ಹಸುವಿನ ಕಿವಿಗೆ ಹಾಕಿದ್ದ ಅಂಕಿಯ ಓಲೆ ಕಾಣುವ ಹಾಗೆ, ಹಸು ಬಿದ್ದಿರುವ ಫೋಟೋ ಬೇಕು. ಮಾಲೀಕರು ಸ್ಕೂಟರಿನಲ್ಲಿ ಹೋಗಿ ತೆಗೆದುಕೊಂಡು ಬಂದಿದ್ದರು. ಆಮೇಲೆ ಹಸುವನ್ನು ಆ ಹೆಂಗಸಿನ ತೋಟದಲ್ಲೇ, ಕಾಯಿ ಕಚ್ಚದ ಒಂದು ತೆಂಗಿನ ಬುಡದಲ್ಲಿ ಹೂತರಂತೆ. ನಮ್ಮ ಕಡೆ ಸತ್ತ ದನವನ್ನು ಬಿಸಾಡುವುದಿಲ್ಲ, ಮರಕ್ಕಾಗುತ್ತದೆ ಎಂದು ಬುಡಕ್ಕೇ ಹೂಳುವುದು.

ಪ್ರಿಂಟರಿಗೆ ಇಂಕು ಬಂದಿರಲಿಲ್ಲ. ನಾಳೆ ಬಾ ಎಂದು ಅವಳಿಗೆ ಹೇಳಿ ಕಳಿಸಿದ್ದೆವು. ಕ್ಯಾಮೆರಾದ ಕಾರ್ಡನ್ನು ಮಾಲೀಕರು ಖಾಲಿ ಮಾಡಿ, ಮಾಯಸಂದ್ರದ ಬೀಗರೂಟಕ್ಕೆ ತೆಗೆದುಕೊಂಡು ಹೋಗಿದ್ದರು. ಹಸುವಿನ ಫೋಟೋ ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಬಂದು, ಸ್ಕ್ರಿಪ್ಟ್ ಓಡಿಸಲು ಕೂತಿದ್ದ ಅವನ ಹಿಂದೆ ನಿಂತೆ. ಅವನು ಎಂಟರ್ ಒತ್ತಿದ. ಅಳಿಸುವ ಪ್ರತಿ ಫೋಲ್ಡರಿನ ಹೆಸರು ಮೊದಲು ಪರದೆಯ ಮೇಲೆ ಬರುವಂತೆ ಮಾಡಿದ್ದ. ‘ಅರಳಗುಪ್ಪೆ’ ಎಂದು ಬಂತು. ಸ್ವಲ್ಪ ಹೊತ್ತಾದ ಮೇಲೆ ‘ಬಾಣಸಂದ್ರ’. ಅವನು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, “ನೋಡ್ತಿರಿ ಅಕ್ಕ, ಟೀ ಕುಡಿಯೋದ್ರೊಳಗೆ ಮನೆ ಕ್ಲೀನು” ಎಂದ. ಆಮೇಲೆ ‘ದಂಡಿನಶಿವರ’ ಎಂದು ಬಂತು.

ಬರೀ ದಂಡಿನಶಿವರ. ಮುಂದೆ ‘ಆಯ್ತು’ ಇರಲಿಲ್ಲ.

ನನ್ನ ಕಣ್ಣು ಮೇಲಿನ ಸಾಲುಗಳಿಗೆ ಹೋಯಿತು. ಅಲ್ಲೂ ಇರಲಿಲ್ಲ. ಸ್ಕ್ರಿಪ್ಟು ‘ಆಯ್ತು’ ಇರುವ ಹೆಸರುಗಳನ್ನು ಸರಿಯಾಗಿಯೇ ಹುಡುಕಿತ್ತು. ಆದರೆ ಒಂದೊಂದು ಹೆಸರನ್ನೂ ಖಾಲಿ ಜಾಗ ಸಿಗುವವರೆಗೆ ಮಾತ್ರ ಓದಿ, ಉಳಿದದ್ದನ್ನು ಕೈಬಿಟ್ಟು, ಓದಿದಷ್ಟನ್ನೇ ಹಿಡಿದು ಅಳಿಸಲು ಹೊರಟಿತ್ತು. ಮುಗಿದದ್ದನ್ನು ಬಿಟ್ಟು, ಮುಗಿಯದ್ದನ್ನು ಅಳಿಸುತ್ತಿತ್ತು.

ಇಲ್ಲಿಂದ ಮುಂದಿನದು ನನಗೆ ಇನ್ನೂ ಕನಸಿನಲ್ಲಿ ಬರುತ್ತದೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಓಡುತ್ತಿರುವುದು ನಿಲ್ಲುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಗೋಡೆಯ ಸ್ವಿಚ್ಚಿಗೆ ಓಡಿ ಆರಿಸಿದೆ. ಟ್ಯೂಬ್‌ಲೈಟ್ ಆರಿತು, ಫ್ಯಾನು ನಿಂತಿತು, ಕಂಪ್ಯೂಟರು ಮಾತ್ರ ನಡೆಯುತ್ತಲೇ ಇತ್ತು. ಕರೆಂಟ್ ಹೋದರೂ ಕೆಲಸ ಹಾಳಾಗಬಾರದೆಂದು ತಂದಿದ್ದ ಯು.ಪಿ.ಎಸ್. ಮೇಜಿನ ಕೆಳಗೆ ಕುಯ್ ಕುಯ್ ಎನ್ನುತ್ತ ಅದನ್ನು ಕಾಪಾಡುತ್ತಿತ್ತು. ಡಿಸ್ಕ್ ಗುರುಗುಟ್ಟುವುದು ಆ ನಿಶ್ಶಬ್ದದಲ್ಲಿ ಕೇಳಿಸುತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ. ನಾನು ಮೇಜಿನ ಕೆಳಗೆ ಮಂಡಿಯೂರಿ, ಯು.ಪಿ.ಎಸ್.ನ ಹಿಂದಿನ ವೈರನ್ನು ಹುಡುಕಿ ಎಳೆದೆ. ಪರದೆ ಕಪ್ಪಾಯಿತು.

“ಏನಾಯ್ತಕ್ಕ?”

“ಆಯ್ತು ಅನ್ನೋದನ್ನ ಬಿಟ್ಟು ಓದ್ತಿದೆ ಕಣೋ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ಕೇಳಿದ್ದು ಒಂದೇ ಮಾತು. “ಅಕ್ಕ, ಹಸುನ ಎಲ್ಲಿ ಹೂತವ್ರೆ?”

ಯಾಕೆ ಕೇಳುತ್ತಿದ್ದಾನೆ ಎಂದು ನನಗೆ ತಿಳಿಯಿತು. ಅಗೆದು ಮತ್ತೆ ಫೋಟೋ ತೆಗೆಯುವ ಯೋಚನೆ ನನಗೂ ಬಂದಿತ್ತು. ಬೇಸಿಗೆಯಲ್ಲಿ ಹೂತ ಹಸು. ಆ ಹೆಂಗಸಿನ ಮುಂದೆ ಹೋಗಿ ಗುದ್ದಲಿ ಹಿಡಿದು ನಿಲ್ಲುವುದನ್ನು ನೆನೆದೆ. ಹಾಗೇ ನೆಲದ ಮೇಲೆ ಕೂತುಬಿಟ್ಟೆ.

ಮಾಲೀಕರು ಬರುವ ಹೊತ್ತಿಗೆ ಕಂಪ್ಯೂಟರನ್ನು ಮತ್ತೆ ಹಾಕಿದ್ದೆವು. ನೀಲಿ ಪರದೆಯ ಮೇಲೆ ಡಿಸ್ಕಿನ ಪರೀಕ್ಷೆ ಆಮೆಯ ಹಾಗೆ ನಡೆಯುತ್ತಿತ್ತು. ನಾವಿಬ್ಬರೂ ಎದ್ದು ನಿಂತೆವು. ಅವನೇ ಹೇಳಿದ.

“ಯಾಕ್ಲಾ, ನಾನ್ ಆಯ್ತು ಅಂತ ಬರ್ದಿದ್ದು ಕಾಣ್ನಿಲ್ವಾ ಅದಕ್ಕೆ?”

“ಕಾಣಿಸ್ತು ಮಾವ. ಜಾಗ ಸಿಕ್ತಿದ್ದಂಗೆ ಹೆಸರು ಮುಗೀತು ಅಂದ್ಕೊಂಡ್ಬುಡ್ತು.”

“ಅದ್ರ ಮುಂದಿಂದ ಯಾರ್ ಓದ್ಬೇಕಿತ್ತು, ನಿಮ್ಮಪ್ಪನಾ?”

“ಪೂರ್ತಿ ಸಾಲು ಓದು, ಒಡೀಬ್ಯಾಡ ಅಂತ ಹೇಳ್ಬೇಕಿತ್ತು ಮಾವ. ಹೆಸರಿನ ಎರಡೂ ಕಡೆ ಕೊಟೇಶನ್ ಹಾಕ್ಬೇಕಿತ್ತು.”

“ಅಷ್ಟೇಯಾ?”

“ಅಷ್ಟೇ.”

ಅವರು ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಂಡರು. “ಮದ್ವೆದು ಬುಡು, ತಿಪಟೂರು ಲ್ಯಾಬಿಗೆ ಸೀಡಿ ಹೋಗೈತೆ, ತಂದ್ಕಬೈದು. ಬಾಣಸಂದ್ರದ ಸ್ಕೂಲ್ ಮಕ್ಳನ್ನ ಇನ್ನೊಂದ್ ದಪ ಸಾಲಾಗಿ ನಿಲ್ಲುಸ್ಬೈದು. ಅರಳಗುಪ್ಪೆಯೋರ ಕೈಯಾಗೆ ಬೈಸ್ಕಳದು. ಆ ಯಮ್ಮುಂಗೆ ಏನ್ ಹೇಳನ್ಲಾ?”

ಪರೀಕ್ಷೆ ಮುಗಿಯುವವರೆಗೆ ಮೂವರೂ ಆ ನೀಲಿ ಪರದೆಯನ್ನೇ ನೋಡುತ್ತಿದ್ದೆವು.

ಕೊನೆಗೆ ಡಿಸ್ಕ್ ತೆರೆದುಕೊಂಡಿತು. ಅರಳಗುಪ್ಪೆ, ಬಾಣಸಂದ್ರ ಇರಲಿಲ್ಲ. ‘ಅರಳಗುಪ್ಪೆ ಆಯ್ತು’, ‘ಬಾಣಸಂದ್ರ ಆಯ್ತು’ ಎರಡೂ ಏನೂ ಆಗದವರಂತೆ ಕೂತಿದ್ದವು. ದಂಡಿನಶಿವರ ಇತ್ತು. ನನಗೆ ತೆರೆಯಲು ಕೈ ಬರಲಿಲ್ಲ, ಮಾಲೀಕರೇ ತೆರೆದರು. ಒಳಗೆ ಮದುವೆಯ ಆಲ್ಬಮ್ಮಿನ ಫೋಲ್ಡರ್ ಅರ್ಧ ಬರಿದಾಗಿತ್ತು. ಅದು ದೊಡ್ಡದು, ಸ್ಕ್ರಿಪ್ಟು ಮೊದಲು ಅದಕ್ಕೇ ಕೈಹಾಕಿ ಅದರಲ್ಲೇ ಸಿಕ್ಕಿಕೊಂಡಿತ್ತು. ಅದರ ಕೆಳಗೆ ಹಸು. ಮಗ್ಗುಲಾಗಿ ಮಲಗಿದ ಹಸು, ಕಿವಿಯಲ್ಲಿ ಹಳದಿ ಓಲೆ, ಓಲೆಯ ಅಂಕಿ ಓದುವಷ್ಟು ಸ್ಪಷ್ಟ.

ಮಾಲೀಕರ ಅಕ್ಕನ ಮಗ ಹೊರಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಮಾರನೆಯ ದಿನ ಆ ಹೆಂಗಸು ಬಂದಳು. ಇಂಕು ತರಿಸಿ ಫೋಟೋ ಹಾಕಿಟ್ಟಿದ್ದೆವು. ಬೆಳಕಿಗೆ ಹಿಡಿದು ನೋಡಿದಳು.

“ಕಣ್ಣು ಬುಟ್ಕಂಡೇ ಐತಲ್ಲ. ಒಸಿ ಮುಚ್ಚಿ ತೆಗೀಬಾರ್ದಿತ್ತಾ?”

“ಓಲೆ ಕಾಣ್ತೈತೆ ಕಣವ್ವ, ಅವ್ರಿಗೆ ಅದೇ ಬೇಕಾಗಿರೋದು” ಎಂದರು ಮಾಲೀಕರು.

“ಹೂ, ಇದ್ದಂಗ್ ಐತೆ. ಇನ್ನೊಂದ್ ಹಸ ಬತ್ತದಲ್ಲ, ಸಾಕ್ ಬುಡಿ” ಎಂದು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದಳು. ನಡೆದದ್ದು ಅವಳಿಗೆ ಗೊತ್ತಾಗಲಿಲ್ಲ. ನಾವು ಹೇಳಲಿಲ್ಲ.

ಅಕ್ಕನ ಮಗ ಸ್ಕ್ರಿಪ್ಟನ್ನು ಸರಿಪಡಿಸಿದ. ಈ ಸಲ ಜಾಗ ಬಿಟ್ಟ ಹೆಸರುಗಳನ್ನೇ ಮಾಡಿಕೊಂಡು, ಅಳಿಸುವ ಬದಲು ಬರೀ ಹೆಸರು ತೋರಿಸುವಂತೆ ಮಾಡಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದ. ಎಲ್ಲ ಹೆಸರೂ ‘ಆಯ್ತು’ ಸಮೇತ ಪೂರ್ತಿ ಬಂದವು. ಆದರೂ ಮಾಲೀಕರು ಅದನ್ನು ತಮ್ಮ ಡಿಸ್ಕಿನ ಹತ್ತಿರ ಬಿಡಲಿಲ್ಲ. ಒಂದೊಂದನ್ನೇ ಮೌಸಿನಲ್ಲಿ ಹಿಡಿದು, ಒಳಗೆ ನೋಡಿ, ತಾವೇ ಅಳಿಸುತ್ತಿದ್ದರು.

ಮದುವೆಯ ಆಲ್ಬಮ್ಮನ್ನೂ ಕೊಟ್ಟಾದ ಮೇಲೆ ಅವರು ದಂಡಿನಶಿವರದ ಮುಂದೆ ಎಂದಿನಂತೆ ಜಾಗ ಬಿಟ್ಟು ‘ಆಯ್ತು’ ಎಂದು ಸೇರಿಸಿದರು. ಮತ್ತೆ ಡಿಸ್ಕ್ ತುಂಬಿದಾಗ ಅಕ್ಕನ ಮಗ, “ಇದನ್ನ ಈಗ ತೆಗೀಬೋದಲ್ಲ ಮಾವ” ಎಂದ.

“ವಿಮೆ ದುಡ್ಡ್ ಬಂದು ಆ ಯಮ್ಮ ಹಸ ಕಟ್ಲಿ, ತಡಿ” ಎಂದರು.

ನಾನು ಆ ಕೆಲಸ ಬಿಡುವ ದಿನವೂ ಆ ಫೋಲ್ಡರ್ ಅಲ್ಲೇ ಇತ್ತು.